ಬೋರಮಾಳ ಬಿಸಿನೀರಿಗೆ ಬಿದ್ದ ದಿನ

11 ವರ್ಷದ ಹಿಂದೆ, ಯುಗಾದಿಯ ಹಿಂದಿನ ದಿನ, ಅವ್ವನ ಬೋರಮಾಳವನ್ನು ನಾನು ಕುದಿಯುವ ನೀರಿಗೆ ಹಾಕಿದೆ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಬಿಸಿನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಬಂಗಾರವನ್ನು ಹತ್ತು ನಿಮಿಷ ಬಿಡಿ, ಹೊಸದರಂತೆ ಆಗುತ್ತದೆ ಅಂತ ಅದರಲ್ಲಿ ಹೇಳಿದ್ದರು. ಅವ್ವ ಪಕ್ಕದ ಮನೆಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಸರ ಫಳಫಳ ಹೊಳೆಯಬೇಕು ಅನ್ನುವ ಆಸೆ ನನಗೆ.

ಎರಡು ನಿಮಿಷಕ್ಕೆ ನೀರು ಕಂದು ಬಣ್ಣಕ್ಕೆ ತಿರುಗಿತು. ಕೊಳೆ ಬಿಡುತ್ತಿದೆ ಅಂದುಕೊಂಡೆ. ಸರ ಎತ್ತಿದಾಗ ಒಂದೊಂದು ಗುಂಡಿನ ತೂತಿನಿಂದಲೂ ಜೇನಿನಂಥ ಅಂಟು ಇಳಿಯುತ್ತಿತ್ತು. ಗಾಬರಿಯಲ್ಲಿ ಬಟ್ಟೆಯಿಂದ ಒತ್ತಿ ಒರೆಸಿದೆ. ಎರಡು ಗುಂಡು ನನ್ನ ಬೆರಳಿನ ಕೆಳಗೇ ನೆಗ್ಗಿ ಹೋದವು.

ಬೋರಮಾಳ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಉತ್ತರ ಕರ್ನಾಟಕದ ಕಡೆ, ಆಚೆಯ ಮಹಾರಾಷ್ಟ್ರದಲ್ಲೂ, ಹೆಂಗಸರು ಹಾಕುವ ಹಳೆಯ ಸರ ಅದು. ಬೋರೆಹಣ್ಣಿನ ಆಕಾರದ ಗುಂಡುಗಳನ್ನು ಪೋಣಿಸಿರುತ್ತಾರೆ, ಹೆಸರು ಬಂದಿದ್ದೂ ಅದರಿಂದಲೇ. ನೋಡಲು ಗಟ್ಟಿ ಬಂಗಾರದಂತೆ ಕಾಣುತ್ತದೆ. ಆದರೆ ಹಳೆಯ ಬೋರಮಾಳದಲ್ಲಿ ಪ್ರತಿ ಗುಂಡೂ ತೆಳು ತಗಡಿನದು, ಒಳಗೆ ಅರಗು ತುಂಬಿರುತ್ತಾರೆ. ಅರಗು ಇಲ್ಲದಿದ್ದರೆ ಆ ತಗಡು ನೆಟ್ಟಗೆ ನಿಲ್ಲುವುದೇ ಇಲ್ಲ. ಕಡಿಮೆ ಬಂಗಾರದಲ್ಲಿ ಕುತ್ತಿಗೆ ತುಂಬ ಸರ ಹಾಕಿಕೊಳ್ಳಲು ನಮ್ಮ ಹಿರಿಯರು ಕಂಡುಕೊಂಡ ಜಾಣ ದಾರಿ ಅದು. ಕೊಡಗಿನ ಜೋಮಾಲೆಯಲ್ಲೂ ಹೀಗೇ ಒಳಗೆ ಅರಗು ಇರುತ್ತದೆ.

ಅರಗು ಅಂದರೆ ಮರದ ಟೊಂಗೆಗಳ ಮೇಲೆ ಒಂದು ಸಣ್ಣ ಹುಳ ಸ್ರವಿಸುವ ಅಂಟು. 70–80 ಡಿಗ್ರಿ ಶಾಖಕ್ಕೆ ಅದು ಮೆತ್ತಗಾಗಿ ಹರಿಯಲು ಶುರುವಾಗುತ್ತದೆ. ಕುದಿಯುವ ನೀರು 100 ಡಿಗ್ರಿ. ಅಷ್ಟೇ ಅಲ್ಲ, ಅರಗು ಸ್ಪಿರಿಟ್ಟಿನಲ್ಲೂ ಕರಗುತ್ತದೆ, ಸೋಡಾ ನೀರಿನಲ್ಲೂ ಬಿಡುತ್ತದೆ. ಅಂದರೆ ಬಿಸಿನೀರು, ಸ್ಯಾನಿಟೈಸರ್, ವಾಷಿಂಗ್ ಸೋಡಾ ಮೂರೂ ಅದಕ್ಕೆ ಶತ್ರು. ಇದೆಲ್ಲ ನಾನು ಕಲಿತದ್ದು ಆಮೇಲೆ.

ಅವ್ವ ಬೈಯಲಿಲ್ಲ. ಸರವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಮರುದಿನ ಹಬ್ಬ ಮುಗಿಸಿ, ನನ್ನನ್ನೂ ಕರೆದುಕೊಂಡು ಗದಗಿನ ಪತ್ತಾರರ ಹತ್ತಿರ ಹೋದಳು. ನಮ್ಮ ಮನೆಯ ಎರಡು ತಲೆಮಾರಿನ ಒಡವೆ ಮಾಡಿದವರು ಅವರು. ವಯಸ್ಸಾಗಿತ್ತು. ಸರವನ್ನು ಕೈಯಲ್ಲಿ ಹಿಡಿದು, ಕನ್ನಡಕ ಮೇಲೆ ಸರಿಸಿ, ಒಂದೊಂದೇ ಗುಂಡು ತಿರುಗಿಸಿ ನೋಡಿದರು.

"ಕಾಕಾ, ನಾನ ತೊಳ್ದೆ. ತಪ್ಪಾತು" ಅಂದೆ.

"ತೊಳಿಯೂದು ತಪ್ಪಲ್ಲ ಯವ್ವಾ. ಒಳಗ ಏನೈತಿ ಅನ್ನೂದು ಗೊತ್ತಿರಬೇಕು, ಆಮ್ಯಾಲ ಕೈ ಹಚ್ಚಬೇಕು" ಅಂದರು.

ಒಡವೆ ತೊಳೆಯುವ ಬಗ್ಗೆ ನಾನು ಆಮೇಲೆ ಓದಿದ್ದು, ಕೇಳಿದ್ದು ಬೇಕಾದಷ್ಟಿದೆ. ಎಲ್ಲವೂ ಆ ಮಾತಿನೊಳಗೇ ಬಂದು ಕೂರುತ್ತದೆ. ನಾವು ಒಡವೆಯನ್ನು ಹೊರಗಿನಿಂದ ನೋಡುತ್ತೇವೆ. ಬಂಗಾರ ಕಂಡರೆ ಬಂಗಾರಕ್ಕೆ ಏನು ಮಾಡಬೇಕು ಅಂತ ಯೋಚಿಸುತ್ತೇವೆ. ಆದರೆ ಒಂದು ಒಡವೆಯಲ್ಲಿ ಬಂಗಾರದ ಜೊತೆ ಅರಗು ಇರಬಹುದು, ಮುತ್ತು ಇರಬಹುದು, ರೇಷ್ಮೆ ದಾರ ಇರಬಹುದು, ಕಲ್ಲಿನ ಹಿಂದೆ ಹೊಳಪಿಗೆ ಇಟ್ಟ ತೆಳು ಹಾಳೆ ಇರಬಹುದು. ಬಂಗಾರ ತಡೆದುಕೊಳ್ಳುವುದನ್ನು ಇವು ಯಾವುವೂ ತಡೆದುಕೊಳ್ಳುವುದಿಲ್ಲ. ಎಲ್ಲಕ್ಕಿಂತ ಮೆತ್ತಗಿನದು ಯಾವುದೋ, ಅದಕ್ಕೆ ತಕ್ಕಂತೆ ತೊಳೆಯಬೇಕು.

ನಿಜ ಹೇಳಬೇಕೆಂದರೆ ಬಂಗಾರ ಕೊಳೆಯಾಗುವುದೇ ಇಲ್ಲ. ತಾಮ್ರಕ್ಕೆ ಕಿಲುಬು ಹಿಡಿದ ಹಾಗೆ, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಅದಕ್ಕೆ ಏನೂ ಹಿಡಿಯುವುದಿಲ್ಲ. ನಾವು ಹಾಕುವ 22 ಕ್ಯಾರೆಟ್ಟಿನಲ್ಲಿ ನೂರಕ್ಕೆ 91.6 ಪಾಲು ಬಂಗಾರ, ಉಳಿದದ್ದು ತಾಮ್ರ, ಬೆಳ್ಳಿ. ಅದು ಮಂಕಾಗಿ ಕಾಣುವುದು ಮೇಲೆ ಕೂತ ಜಿಡ್ಡಿನಿಂದ. ಮೈ ಎಣ್ಣೆ, ಅರಿಶಿನ, ಪೌಡರು, ಎಲ್ಲಕ್ಕಿಂತ ಹೆಚ್ಚಾಗಿ ಸೋಪು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಹಚ್ಚಿದರೆ ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುತ್ತದಲ್ವಾ, ಅದೇ ಪದರ ಸರದ ಸಂದಿಯಲ್ಲೂ ಕಟ್ಟುತ್ತದೆ. ಆ ಜಿಡ್ಡು ಬಿಟ್ಟರೆ ಸಾಕು, ಬಂಗಾರ ತಾನೇ ಕಾಣುತ್ತದೆ. ಉಜ್ಜಿ ಹೊಳಪು ಬರಿಸುವ ಅಗತ್ಯ ಇಲ್ಲ.

ಇದಕ್ಕೆ ಅಂಟವಾಳದ ಕಾಯಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಈಗಲೂ ಸಿಗುತ್ತದೆ. ಐದಾರು ಕಾಯಿ ಒಡೆದು ಕರಿ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ನೀರಲ್ಲಿ ನೆನೆಸಿಡುತ್ತೇನೆ. ಬೆಳಿಗ್ಗೆ ಕೈಯಿಂದ ಹಿಸುಕಿದರೆ ದಟ್ಟ ನೊರೆ ಬರುತ್ತದೆ. ಸೋಪಿನ ಹಾಗೆ ಇದು ಗಡಸು ನೀರಿನಲ್ಲಿ ಬಿಳಿ ಪದರ ಕಟ್ಟುವುದಿಲ್ಲ. ಕಣ್ಣಿಗೆ ಬಿದ್ದರೆ ಮಾತ್ರ ತುಂಬಾ ಉರಿಯುತ್ತದೆ, ಮಕ್ಕಳನ್ನು ದೂರ ಇಡಿ. ಪಾಟಲಿ, ಬಿಲ್ವಾರದಂಥ ಬಂಗಾರದ ಬಳೆ, ಕಲ್ಲಿಲ್ಲದ ಚೈನು ಇಂಥವನ್ನು ಉಗುರುಬೆಚ್ಚಗಿನ ಅಂಟವಾಳದ ನೀರಲ್ಲಿ ಹತ್ತು ನಿಮಿಷ ಬಿಟ್ಟು, ಚಿಕ್ಕ ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿ ಸಂದಿ ತಿಕ್ಕುತ್ತೇನೆ. ಬೋರಮಾಳವನ್ನು ನೀರಿಗೆ ಇಳಿಸುವುದೇ ಇಲ್ಲ. ನೊರೆಯಲ್ಲಿ ಬಟ್ಟೆ ಅದ್ದಿ, ಹಿಂಡಿ, ಗುಂಡು ಗುಂಡಾಗಿ ಒರೆಸುತ್ತೇನೆ. ಆಮೇಲೆ ತಣ್ಣೀರಲ್ಲಿ ಅದ್ದಿ ಹಿಂಡಿದ ಇನ್ನೊಂದು ಬಟ್ಟೆ. ಆಮೇಲೆ ಒಣಬಟ್ಟೆ. ಫ್ಯಾನಿನ ಕೆಳಗೆ ಒಂದು ತಾಸು.

ಪತ್ತಾರರೂ ಅಂಟವಾಳವನ್ನೇ ಬಳಸುತ್ತಿದ್ದರು. ಆದರೆ ಅವರ ಬ್ರಷ್ಷು ಹಿತ್ತಾಳೆ ತಂತಿಯದು. ಅದರಿಂದ ಉಜ್ಜಿದರೆ ಹೊಸ ಒಡವೆಯ ಮಿಂಚು ಬರುತ್ತದೆ. ಮನೆಗೆ ಅಂಥದ್ದೊಂದು ಬೇಕು ಅಂತ ನಾನು ಕೇಳಿದಾಗ ಅವರು ಕೊಡಲಿಲ್ಲ. ಎಷ್ಟು ಒತ್ತಬೇಕು ಅನ್ನುವುದು ಕೈಗೆ ಗೊತ್ತಿರಬೇಕಂತೆ. ಬಂಗಾರ ಉಗುರಿಗಿಂತ ತುಸುವೇ ಗಟ್ಟಿ. ಟೂತ್‌ಪೇಸ್ಟಿನಲ್ಲಿ, ಹಲ್ಲುಪುಡಿಯಲ್ಲಿ ಇರುವ ಸಣ್ಣ ಪುಡಿ ಕೂಡ ಅದನ್ನು ಗೀರುತ್ತದೆ. ಹೊಳಪು ಬಂತು ಅಂದುಕೊಳ್ಳುತ್ತೇವೆ, ಬಂದದ್ದು ಸಾವಿರಾರು ಗೀರು.

ತೊಳೆಯುವಾಗ ನಲ್ಲಿಯ ಕೆಳಗೆ ಹಿಡಿಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಒಂದು ಅಗಲವಾದ ಬೋಗುಣಿ ಇಟ್ಟುಕೊಳ್ಳಿ, ನೀರು ಚೆಲ್ಲುವ ಮೊದಲು ಬಿಳಿ ಬಟ್ಟೆಯಲ್ಲಿ ಸೋಸಿ. ನನ್ನ ಅತ್ತಿಗೆಯ ಮೂಗುಬೊಟ್ಟಿನ ಹರಳು ನನಗೆ ಒಮ್ಮೆ ಹೀಗೆ ಬಟ್ಟೆಯಲ್ಲಿ ಸಿಕ್ಕಿತು. ಪತ್ತಾರರು ಅಂಗಡಿಯ ಕಸವನ್ನೂ, ಕೈ ತೊಳೆದ ನೀರಿನ ಗಸಿಯನ್ನೂ ಎಸೆಯುವುದಿಲ್ಲ, ಅದರಲ್ಲೂ ಬಂಗಾರದ ಕಣ ಇರುತ್ತದೆ. ಆ ಕಸವನ್ನು ತೊಳೆದು ಬಂಗಾರ ತೆಗೆಯುವವರನ್ನು ಜಲಗಾರರು ಅನ್ನುತ್ತಾರೆ. ನಮ್ಮ ಗದಗಿನ ಪಕ್ಕದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಬಂಗಾರ ಹುಡುಕುತ್ತಿದ್ದವರೂ ಜಲಗಾರರೇ. ಮಳೆಗಾಲದಲ್ಲಿ ಹಳ್ಳ ಇಳಿದ ಮೇಲೆ ಮರಿಗೆಯಲ್ಲಿ ಮರಳು ಆಡಿಸಿ ಕಣ ಕಣ ಕೂಡಿಸುತ್ತಿದ್ದ ಜನ. ನನ್ನ ಬೋಗುಣಿಯ ತಳ ಸೋಸುವಾಗ ಅವರ ನೆನಪಾಗುತ್ತದೆ.

ಈಗ ಪಾಟಲಿಯ ಕಥೆ. ದೊಡ್ಡವ್ವನ ಊರಿಗೆ ಒಂದು ಮಧ್ಯಾಹ್ನ ಇಬ್ಬರು ಬಂದರು. ಪಾತ್ರೆ ಬೆಳಗುವ ಪುಡಿ ಮಾರುತ್ತೇವೆ ಅಂದರು. ಮೊದಲು ತಾಮ್ರದ ತಂಬಿಗೆ ಬೆಳಗಿ ತೋರಿಸಿದರು, ದುಡ್ಡು ಕೇಳಲಿಲ್ಲ. ಆಮೇಲೆ ಕಾಲಗೆಜ್ಜೆ. ಅದೂ ಬೆಳ್ಳಗಾಯಿತು. ಆಮೇಲೆ ಕೈಯಲ್ಲಿದ್ದ ಪಾಟಲಿ ಕೇಳಿದರು. ಕಣ್ಣೆದುರೇ ಒಂದು ಡಬ್ಬಿಯ ನೀರಿಗೆ ಹಾಕಿದರು, ಸ್ವಲ್ಪ ಹೊತ್ತು ಆಡಿಸಿದರು, ಅರಿಶಿನ ಬೆರೆಸಿದ ಇನ್ನೊಂದು ನೀರಿಗೆ ಹಾಕಿ "ಅರ್ಧ ತಾಸು ಬಿಟ್ಟು ತೆಗೀರಿ ಅವ್ವಾರ" ಅಂತ ಹೇಳಿ ಹೋದರು. ಪಾಟಲಿ ಎರಡೂ ಅಲ್ಲೇ ಇದ್ದವು. ದೊಡ್ಡವ್ವನಿಗೆ ಅನುಮಾನವೇ ಬರಲಿಲ್ಲ. ಆರು ತಿಂಗಳ ಮೇಲೆ ಬೆಸುಗೆ ಬಿಟ್ಟಿತು ಅಂತ ರಿಪೇರಿಗೆ ಒಯ್ದಾಗ ತಕ್ಕಡಿ ಹೇಳಿತು. ಅರ್ಧ ತೊಲಿಯಷ್ಟು ಬಂಗಾರ ಹೋಗಿತ್ತು.

ಹೈಡ್ರೋಕ್ಲೋರಿಕ್ ಆಮ್ಲ ಮೂರು ಪಾಲು, ನೈಟ್ರಿಕ್ ಆಮ್ಲ ಒಂದು ಪಾಲು ಸೇರಿಸಿದರೆ ಆಕ್ವಾ ರೀಜಿಯಾ ಆಗುತ್ತದೆ ಅಂತ ನಾವು ಶಾಲೆಯಲ್ಲಿ ಓದಿದ್ದೇವೆ. ಒಂದೊಂದೇ ಆಮ್ಲಕ್ಕೆ ಬಗ್ಗದ ಬಂಗಾರ ಎರಡೂ ಕೂಡಿದಾಗ ಕರಗುತ್ತದೆ. ಮನೆ ಬಾಗಿಲಿಗೆ ಬಂದು ಪಾಲಿಶ್ ಮಾಡುವ ಕಳ್ಳರ ಡಬ್ಬಿಯಲ್ಲಿ ಇರುವುದು ಅದೇ. ಡಬ್ಬಿಯ ನೀರನ್ನು ಅವರು ಹೊತ್ತೊಯ್ಯುತ್ತಾರೆ, ಕರಗಿದ ಬಂಗಾರವನ್ನು ಅದರಿಂದ ಮತ್ತೆ ತೆಗೆಯುತ್ತಾರೆ. ಅರಿಶಿನದ ನೀರು ಸುಮ್ನೆ ಹೊತ್ತು ಕಳೆಯಲು. ನಮ್ಮ ಹಳ್ಳಿಗಳಲ್ಲಿ ಹಗಲು ಮನೆಯಲ್ಲಿ ಒಬ್ಬರೇ ಇರುವ ಎಷ್ಟೋ ಮಂದಿ ಅವ್ವಂದಿರು ಹೀಗೆ ಕಳೆದುಕೊಂಡಿದ್ದಾರೆ. ನಿಮ್ಮ ಮನೆಯ ಹಿರಿಯರಿಗೆ ಇವತ್ತೇ ಒಂದು ಫೋನ್ ಮಾಡಿ ಹೇಳಿ.

ದೊಡ್ಡವ್ವನಿಗೆ ಆದ ಮೇಲೆ ಅವ್ವ ಒಂದು ಕೆಲಸ ಮಾಡಿದಳು. ಎಲ್ಲ ಒಡವೆಯನ್ನೂ ತೂಕ ಮಾಡಿಸಿ ಒಂದು ಚೋಪಡಿಯಲ್ಲಿ ಬರೆಸಿಟ್ಟಳು. ಆ ಬರಹ ಓದುವುದು ನನಗೆ ಕಷ್ಟವಾಯಿತು. ತೊಲಿ, ಮಾಸಿ, ಗುಂಜಿಯಲ್ಲಿ ಬರೆದಿತ್ತು. 8 ಗುಂಜಿಗೆ 1 ಮಾಸಿ, 12 ಮಾಸಿಗೆ 1 ತೊಲಿ. ಹಳೆಯ ತೊಲಿ ಅಂದರೆ 11.66 ಗ್ರಾಂ. ಈಗ ಅಂಗಡಿಯಲ್ಲಿ ತೊಲಿ ಅಂದರೆ 10 ಗ್ರಾಂ ಅಂತ ಹಿಡಿಯುತ್ತಾರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಹಳೆಯ ಚೀಟಿ ನೋಡಿ ಮನೆಗಳಲ್ಲಿ ಜಗಳ ಆಗಿದ್ದನ್ನು ಕಂಡಿದ್ದೇನೆ. ನಾನೀಗ ಎಲ್ಲವನ್ನೂ ಗ್ರಾಂ ಮತ್ತು ಮಿಲಿಗ್ರಾಮಿನಲ್ಲಿ ಬರೆದಿದ್ದೇನೆ. ಹೊಸ ಒಡವೆಗಳಲ್ಲಿ ಹಾಲ್‌ಮಾರ್ಕ್ ಪಕ್ಕದಲ್ಲೇ ಎಚ್‌ಯುಐಡಿ, ಅಂದರೆ ಆ ಒಡವೆಗಷ್ಟೇ ಕೊಟ್ಟ ಆರು ಅಕ್ಷರ-ಅಂಕಿಗಳ ಗುರುತು ಇರುತ್ತದೆ. 2023ರ ಏಪ್ರಿಲ್ 1ರಿಂದ ಅದು ಇಲ್ಲದ ಹಾಲ್‌ಮಾರ್ಕ್ ಬಂಗಾರ ಮಾರುವಂತಿಲ್ಲ. ತೊಳೆದು ಒಣಗಿಸಿದ ಮೇಲೆ ಭೂತಗನ್ನಡಿ ಹಿಡಿದು ಅದನ್ನೂ ಓದಿ ಬರೆದಿಡುತ್ತೇನೆ. ಜೋರಾಗಿ ಪಾಲಿಶ್ ಮಾಡಿಸುತ್ತ ಹೋದರೆ ಆ ಅಕ್ಷರಗಳೂ ಸವೆಯುತ್ತವೆ.

ಕಿವಿಯ ಮೇಲಂಚಿಗೆ ಹಾಕುವ ಬುಗುಡಿಯಲ್ಲಿ ಮುತ್ತು ಇದೆ, ಝುಮಕಿಯ ಕೆಳಗೂ ಮುತ್ತಿನ ಗೊಂಚಲು. ಮುತ್ತು, ಹವಳ ಎರಡೂ ಸುಣ್ಣದ ಜಾತಿಯವು. ಹುಳಿ ತಾಗಿದರೆ ಮೇಲಿನ ಕಾಂತಿ ಕರಗುತ್ತದೆ. ಹುಣಸೆಹಣ್ಣು, ನಿಂಬೆ, ವಿನೆಗರ್ ಯಾವುದೂ ಹತ್ತಿರ ಬರಬಾರದು. ನೆನೆಸಿದರೆ ಒಳಗಿನ ರೇಷ್ಮೆ ದಾರ ನೀರು ಕುಡಿದು ಕೊಳೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮುಗಿಯಿತು. ಪೌಡರು, ಸೆಂಟು, ಹೂವು ಎಲ್ಲ ಆದ ಮೇಲೆ ಮುತ್ತು ಹಾಕಬೇಕು, ಬಂದ ಕೂಡಲೇ ಮೊದಲು ಅದನ್ನೇ ತೆಗೆಯಬೇಕು. ಪಚ್ಚೆಯ ಉಂಗುರ ಇದ್ದರೆ ಅದಕ್ಕೂ ಬಿಸಿನೀರು ಬೇಡ. ಬಿರುಕು ಕಾಣದಿರಲಿ ಅಂತ ಪಚ್ಚೆಗೆ ಎಣ್ಣೆ ಕುಡಿಸಿರುತ್ತಾರೆ, ಬಿಸಿಗೆ, ಸೋಪಿಗೆ ಅದು ಹೊರಬರುತ್ತದೆ.

ಬೆಳ್ಳಿಯ ವಿಷಯ ಬೇರೆ. ಅದು ನಿಜವಾಗಿಯೂ ಬದಲಾಗುತ್ತದೆ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಮೇಲ್ಪದರವನ್ನು ಹಿಡಿದುಕೊಂಡು ಕಪ್ಪು ಮಾಡುತ್ತದೆ. ಕಪ್ಪಾದರೆ ಮೈಯಲ್ಲಿ ಉಷ್ಣ ಜಾಸ್ತಿ ಅನ್ನುತ್ತಾರೆ. ಬೆವರಿನಲ್ಲೂ ಗಂಧಕದ ಅಂಶ ಇದೆ ನಿಜ. ಆದರೆ ನನ್ನ ಗೆಜ್ಜೆ ಯಾರ ಕಾಲಲ್ಲೂ ಇರಲಿಲ್ಲ, ಬ್ಯಾಂಕಿನ ಲಾಕರಿನಲ್ಲೇ ಇತ್ತು, ಆದರೂ ಕಪ್ಪಾಯಿತು. ಎರಡೂ ಗೆಜ್ಜೆಯನ್ನು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ. ರಬ್ಬರ್ ತಾಗಿದ ಜಾಗದಲ್ಲಿ ಇದ್ದಿಲಿನಲ್ಲಿ ಗೆರೆ ಎಳೆದ ಹಾಗೆ ಕಪ್ಪು ಪಟ್ಟಿ. ರಬ್ಬರನ್ನು ಗಟ್ಟಿ ಮಾಡುವುದೇ ಗಂಧಕ ಹಾಕಿ.

ಗೆಜ್ಜೆಗೆ ನಾನು ಮಾಡಿದ್ದು ಇಷ್ಟು. ಒಂದು ಗಾಜಿನ ಬಟ್ಟಲಿನ ತಳಕ್ಕೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ ಹಾಸಿದೆ. ಗೆಜ್ಜೆ ಆ ಹಾಳೆಗೆ ತಾಗುವಂತೆ ಇಟ್ಟೆ. ಎರಡು ಚಮಚ ಅಡುಗೆ ಸೋಡಾ ಉದುರಿಸಿ ಬಿಸಿನೀರು ಸುರಿದೆ. ಕೊಳೆತ ಮೊಟ್ಟೆಯಂಥ ವಾಸನೆ ಬಂತು, ಅದು ಬೆಳ್ಳಿಯನ್ನು ಬಿಟ್ಟು ಹೊರಟ ಗಂಧಕ. ಐದು ನಿಮಿಷಕ್ಕೆ ಹಾಳೆ ಮಂಕಾಯಿತು, ಗೆಜ್ಜೆ ಬೆಳ್ಳಗಾಯಿತು. ಉಜ್ಜಿದರೆ ಕಪ್ಪಿನ ಜೊತೆ ಅದರೊಳಗಿನ ಬೆಳ್ಳಿಯೂ ಹೋಗುತ್ತದೆ. ಇಲ್ಲಿ ಗಂಧಕ ಮಾತ್ರ ಬಿಟ್ಟು, ಬೆಳ್ಳಿ ಮತ್ತೆ ಬೆಳ್ಳಿಯಾಗಿ ಅಲ್ಲೇ ಉಳಿಯುತ್ತದೆ. ಕಲ್ಲು, ಮುತ್ತು, ಅರಗು ಇರುವ ಬೆಳ್ಳಿಗೆ ಇದು ಬೇಡ. ಬೇಕಂತಲೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಒಡವೆಗೂ ಬೇಡ, ಅದರ ಚೆಂದವೇ ಹೋಗುತ್ತದೆ.

ಅಪ್ಪನ ಕರಡಿಗೆಗೆ ಮಾತ್ರ ನಾನು ಇದನ್ನು ಮಾಡಲಿಲ್ಲ.

ಕರಡಿಗೆ ಅಂದರೆ ಇಷ್ಟಲಿಂಗ ಇಟ್ಟುಕೊಂಡು ಕೊರಳಿಗೆ ಹಾಕುವ ಬೆಳ್ಳಿಯ ಪುಟ್ಟ ಭರಣಿ. ಅಪ್ಪ ಅದನ್ನು ಮದುವೆಯ ವರ್ಷ ಮಾಡಿಸಿದ್ದು. ಮುಚ್ಚಳದ ಮೇಲೆ ಎಂಟು ಎಸಳಿನ ಹೂ ಕೆತ್ತಿದ್ದರು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡ ಬೆರಳಿನಲ್ಲೇ ಅಪ್ಪ ಮುಚ್ಚಳ ಮುಚ್ಚುತ್ತಿದ್ದರು, ಹೆಬ್ಬೆರಳಿನಿಂದ ಹೂವಿನ ಮೇಲೆ ಒಂದು ಸುತ್ತು ಸವರುತ್ತಿದ್ದರು. ವಿಭೂತಿ ಬಲು ನುಣುಪಾದ ಬೂದಿ. ಅದೂ ಬೆಳ್ಳಿಯನ್ನು ಸವೆಸುತ್ತದೆ, ಆದರೆ ಎಷ್ಟು ನಿಧಾನವಾಗಿ ಅಂದರೆ 40 ವರ್ಷಕ್ಕೆ ಹೂವಿನ ನಡು ಮಾತ್ರ ಅಳಿಸಿತ್ತು. ಎಸಳಿನ ತುದಿಗಳು ಇನ್ನೂ ಇದ್ದವು. ಅಷ್ಟು ವರ್ಷದಲ್ಲಿ ಆ ಕರಡಿಗೆ ಒಂದು ದಿನವೂ ಕಪ್ಪಾದದ್ದನ್ನು ನಾನು ನೋಡಿಲ್ಲ. ದಿನಾ ಕೈ ತಾಗುವ ಬೆಳ್ಳಿಗೆ ಕಪ್ಪು ಕೂರಲು ಪುರುಸೊತ್ತೇ ಸಿಗುವುದಿಲ್ಲ.

ಅಪ್ಪ ಹೋದಾಗ ಲಿಂಗ ಅವರ ಅಂಗೈಯಲ್ಲೇ ಅವರ ಜೊತೆ ಮಣ್ಣಿಗೆ ಹೋಯಿತು. ಕರಡಿಗೆ ಮನೆಯಲ್ಲಿ ಉಳಿಯಿತು. ಬೀರುವಿನಲ್ಲಿ ಒಂದೇ ವರ್ಷಕ್ಕೆ ಕಪ್ಪಾಯಿತು.

ಅಲ್ಯೂಮಿನಿಯಂ ಹಾಳೆಯ ಮೇಲೆ ಇಟ್ಟಿದ್ದರೆ ಐದು ನಿಮಿಷದ ಕೆಲಸ. ಆದರೆ ಆ ವಿಧಾನ ಗೆರೆಯ ತಳದ ಕಪ್ಪನ್ನೂ ಬಿಡುವುದಿಲ್ಲ, ಎಲ್ಲ ಕಡೆ ಒಂದೇ ಬಿಳುಪು ಮಾಡುತ್ತದೆ. ಉಳಿದ ಅರ್ಧ ಹೂವು ಕಣ್ಣಿಗೆ ಕಾಣುವುದು ಆ ಸಂದಿಯ ಕಪ್ಪಿನಿಂದಲೇ. ಹಾಗಾಗಿ ಹಳೆಯ ಇಳಕಲ್ ಸೀರೆಯ ಸೆರಗಿನ ಒಂದು ತುಂಡಿಗೆ ಚೂರು ವಿಭೂತಿ ಹಚ್ಚಿಕೊಂಡು, ಮೇಲಿನ ಉಬ್ಬನ್ನಷ್ಟೇ ಒರೆಸಿದೆ. ಗೆರೆಯೊಳಗೆ ಹೋಗಲಿಲ್ಲ. ಮುಚ್ಚಳದ ಕೀಲಿನ ಹತ್ತಿರದ ಕಪ್ಪನ್ನೂ ಬಿಟ್ಟೆ. ಈಗ ಪ್ರತಿ ಸೋಮವಾರ ಒಂದು ಸಲ ಕೈಗೆತ್ತಿಕೊಂಡು ಬರಿ ಬಟ್ಟೆಯಲ್ಲಿ ಒರೆಸುತ್ತೇನೆ. ಮತ್ತೆ ಕಪ್ಪಾಗಿಲ್ಲ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಬ್ಲೀಚಿಂಗ್ ಪೌಡರು ಮುಟ್ಟುವಾಗ, ಈಜುಕೊಳಕ್ಕೆ ಇಳಿಯುವಾಗ ಒಡವೆ ತೆಗೆದಿಡಿ, ಕ್ಲೋರಿನ್ ಬೆಳ್ಳಿಯನ್ನು ಮಂಕು ಮಾಡುತ್ತದೆ, ಬಂಗಾರದ ಬೆಸುಗೆಯನ್ನೂ ಕೆಡಿಸುತ್ತದೆ. ಹಳೆಯ ಜ್ವರದ ಥರ್ಮಾಮೀಟರ್ ಒಡೆದರೆ ಆ ಪಾದರಸದ ಹತ್ತಿರ ಉಂಗುರದ ಕೈ ಒಯ್ಯಬೇಡಿ, ಬಂಗಾರ ಅದನ್ನು ಹೀರಿಕೊಂಡು ಬೆಳ್ಳಗಾಗಿಬಿಡುತ್ತದೆ. ಒಂದು ಗ್ರಾಂ ಗೋಲ್ಡ್ ಸೆಟ್ಟುಗಳಿಗೆ ನೀರೇ ಬೇಡ, ಹಾಕಿ ತೆಗೆದ ಕೂಡಲೇ ಬೆವರು ಒರೆಸಿಡಿ. ಒಡವೆಗಳನ್ನು ಒಂದರ ಮೇಲೊಂದು ಒಟ್ಟಬೇಡಿ, ಪತ್ತಾರರು ಕೊಡುವ ಗುಲಾಬಿ ಕಾಗದದಲ್ಲಿ ಬೇರೆ ಬೇರೆ ಸುತ್ತಿ. ಬೆಳ್ಳಿಯನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಸೀಮೆಸುಣ್ಣದ ಜೊತೆ ಇಟ್ಟರೆ ತೇವ ಕಡಿಮೆಯಾಗುತ್ತದೆ.

ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಕಳೆದ ವಾರ ಮಗಳ ಮದುವೆಗೆ ಅಂತ ಎಲ್ಲವನ್ನೂ ಲಾಕರಿನಿಂದ ತಂದು ತೊಳೆದೆ. ಪತ್ತಾರರು ಅವತ್ತು ಹಳೆಯ ಅರಗು ತೆಗೆದು ಹೊಸದು ತುಂಬಿ, ನೆಗ್ಗಿದ ಎರಡು ಗುಂಡುಗಳಲ್ಲಿ ಒಂದನ್ನು ಸರಿ ಮಾಡಿಕೊಟ್ಟಿದ್ದರು. ಇನ್ನೊಂದರ ತಗಡು ಸೀಳಿತ್ತು, ಹೊಸ ಗುಂಡು ಹಾಕಿದರು. ಅದರ ಬಣ್ಣ ಉಳಿದವುಗಳಿಗಿಂತ ಸ್ವಲ್ಪ ಕೆಂಪು. ಮಗಳಿಗೆ ತೋರಿಸಿದರೆ ಯಾವುದು ಅಂತ ಅವಳಿಗೆ ಗೊತ್ತಾಗಲಿಲ್ಲ.

ಅವ್ವನ ಚೋಪಡಿಯಲ್ಲಿ ತೂಕ ಇತ್ತು, ಒಳಗೆ ಏನಿದೆ ಅನ್ನುವುದು ಬರೆದಿರಲಿಲ್ಲ. ಅದು ಅವಳ ತಲೆಯಲ್ಲಿತ್ತು. ಹಾಗಾಗಿ ಒಂದು ದಪ್ಪ ಕಾಗದದಲ್ಲಿ ನಾನು ಬರೆದು ಡಬ್ಬಿಯೊಳಗೆ ಇಟ್ಟಿದ್ದೇನೆ. ಬೋರಮಾಳ: ಒಳಗೆ ಅರಗು, ಬಿಸಿನೀರು ಬೇಡ, ಸ್ಪಿರಿಟ್ ಬೇಡ. ಬುಗುಡಿ: ಮುತ್ತು, ಒರೆಸುವುದು ಮಾತ್ರ. ಝುಮಕಿ: ಕೆಂಪು ಕಲ್ಲಿನ ಹಿಂಬದಿ ಮುಚ್ಚಿದೆ, ನೀರು ಒಳಗೆ ಹೋಗಬಾರದು. ಪಾಟಲಿ: ಗಟ್ಟಿ, ಅಂಟವಾಳದಲ್ಲಿ ನೆನೆಸಬಹುದು. ಕರಡಿಗೆ: ಹಾಳೆಯ ಮೇಲೆ ಇಡಬೇಡ. ಪ್ರತಿಯೊಂದರ ಮುಂದೆ ತೂಕ.

ಗುಳದಾಳಿಯ, ಅಂದರೆ ನನ್ನ ತಾಳಿಯ ಮುಂದೆ ಮಾತ್ರ ತೂಕದ ಜಾಗ ಖಾಲಿ ಇದೆ. ಕೊರಳಿನಿಂದ ಅದನ್ನು ತೆಗೆದೇ ಇಲ್ಲ. ಅದನ್ನು ಬಿಚ್ಚುವ ದಿನ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಹೋಗಬೇಕು ಅಂತ ಅವ್ವ ಹೇಳುತ್ತಿದ್ದಳು. ಸಂದಿಯಲ್ಲಿ ಇಷ್ಟು ವರ್ಷದ ಸೋಪು ಕೂತಿದೆ, ಒಂದು ಕೊಂಡಿಯೂ ಸವೆದಿದೆ. ಶ್ರಾವಣಕ್ಕೆ ಮುಂಚೆ ಗದಗಿಗೆ ಹೋಗುತ್ತೇನೆ. ಅಂಗಡಿಯಲ್ಲಿ ಈಗ ಪತ್ತಾರ ಕಾಕಾ ಅವರ ಮಗ ಕೂರುತ್ತಾರೆ.